ಎದುರುಮನೆಯ ಅಕ್ಕ ಕೊಟ್ಟ ಉತ್ತರ

ಕಾಲು ಊದುತ್ತದೆ ಎಂದು ತೋರಿಸಲು ಹೋದರೆ ಹೊಸನಗರದ ಡಾಕ್ಟರು ಮಾತ್ರೆಯ ಜೊತೆಗೆ ಬಾರ್ಲಿ ನೀರನ್ನೂ ಕುಡಿಯಲು ಹೇಳಿದರು. ಸೊಸೆ ಬಾರ್ಲಿ ತಂದು ಬೇಯಲಿಟ್ಟಳು. ಅದು ಕುದಿ ಬಂದು ಮನೆಯೆಲ್ಲ ಒಂದು ಥರದ ಮಂಕು ವಾಸನೆ ಹಬ್ಬಿದಾಗ ನಾನು ಜಗಲಿಯಲ್ಲಿ ಕೂತು ಹುಣಸೆ ಬೀಜ ಬಿಡಿಸುತ್ತಿದ್ದೆ. ಕೈ ಹಾಗೆಯೇ ನಿಂತಿತು. ಈ ವಾಸನೆ ಮೂಗಿಗೆ ಬಿದ್ದು ಎಷ್ಟು ಕಾಲವಾಗಿತ್ತೋ... ಕಡೆಯ ಸಲ ನನ್ನ ಪಕ್ಕದಲ್ಲಿ ಎದುರುಮನೆಯ ಅಕ್ಕ ಇದ್ದರು.

ಶರಾವತಿಗೆ ಅಣೆಕಟ್ಟು ಕಟ್ಟುತ್ತಿದ್ದ ಕಾಲ ಅದು. ನನ್ನ ಯಜಮಾನರು ಅಲ್ಲಿ ಸೂಪರ್‌ವೈಸರ್. ಮದುವೆಯಾದ ಹೊಸತರಲ್ಲೇ ನಮ್ಮೂರು ಅರಳಸುರಳಿಯಿಂದ ನನ್ನನ್ನು ಕರೆದುಕೊಂಡು ಸಾಗರ ಪೇಟೆಯಾಚೆಯ ಆ ಕಾಲೊನಿಗೆ ಬಂದರು. ತಗಡಿನ ಮಾಡಿನ ಮನೆಗಳು, ಕೆಂಪು ಧೂಳು, ದಿನವಿಡೀ ಲಾರಿ. ಮಧ್ಯಾಹ್ನ ಬಂಡೆ ಒಡೆಯುವ ಮುಂಚೆ ಸೈರನ್ ಕೂಗುತ್ತಿತ್ತು. ಕೂಗಿದ ಮೇಲೆ ಯಾರೂ ಹೊರಗೆ ತಲೆ ಹಾಕುವ ಹಾಗಿಲ್ಲ. ಬಾಗಿಲು ಹಾಕಿಕೊಂಡು ಒಳಗೆ ಕೂತಿರಬೇಕು. ಸಿಡಿದಾಗ ಗೂಡಿನ ಲೋಟಗಳೆಲ್ಲ ಅಲುಗುತ್ತಿದ್ದವು. ಗದ್ದೆ ಬಯಲಿನಲ್ಲಿ ಓಡಾಡಿ ಬೆಳೆದ ನನಗೆ ಆ ಹೊತ್ತು ಬಂತೆಂದರೆ ಉಸಿರು ಕಟ್ಟಿದ ಹಾಗಾಗುತ್ತಿತ್ತು.

ಎದುರುಮನೆಯಲ್ಲಿದ್ದವರು ಇಂಜಿನಿಯರು. ಮೈಸೂರು ಕಡೆಯವರು. ಆ ಅಕ್ಕ ನನಗಿಂತ ಆರೇಳು ವರ್ಷ ದೊಡ್ಡವರು. ಗಂಡನನ್ನು ಟ್ರೈನಿಂಗಿಗೆಂದು ಜರ್ಮನಿಗೆ ಕಳಿಸಿದ್ದಾಗ ಇವರೂ ಜೊತೆಗೆ ಹೋಗಿ ಎರಡು ವರ್ಷ ಇದ್ದು ಬಂದಿದ್ದರಂತೆ. ನಡಿಗೆಯಲ್ಲೇ ಗೊತ್ತಾಗುತ್ತಿತ್ತು. ಸೀರೆ ಉಟ್ಟುಕೊಂಡೇ ಗಂಡಸರ ಹಾಗೆ ಉದ್ದ ಹೆಜ್ಜೆ ಹಾಕುತ್ತಿದ್ದರು. ಮನೆಯಲ್ಲಿ ಅತ್ತೆ ಇದ್ದರು, ಮಡಿ ಹೆಂಗಸು. ಬೀದಿ ನಲ್ಲಿಗೆ ನೀರು ಬರುವ ಹೊತ್ತು ಒಂದೇ ಅಕ್ಕನಿಗೆ ಹೊರಗೆ ಬರಲು ಸಿಗುತ್ತಿದ್ದ ನೆಪ. ತಮ್ಮ ಸರದಿ ಬಂದರೂ ಅವರು ಕೊಡ ಇಡುತ್ತಿರಲಿಲ್ಲ. "ನೀನು ಮೊದಲು ಹಿಡಕೊ" ಎಂದು ನನ್ನನ್ನು ಮುಂದೆ ಬಿಟ್ಟು ನಿಂತಿರುತ್ತಿದ್ದರು.

ಒಂದು ದಿನ ಅವರ ಅತ್ತೆಗೆ ಮೈ ಸರಿಯಿಲ್ಲದೆ ಬಾರ್ಲಿ ಬೇಯಿಸಿದ್ದರು. ನಾನು ಅವರ ಹಿತ್ತಲ ಮೆಟ್ಟಿಲ ಮೇಲೆ ಕೂತಿದ್ದೆ. ಅಕ್ಕ ಪಾತ್ರೆಯ ಮುಚ್ಚಳ ತೆಗೆದು, ಬಗ್ಗಿ ಮೂಸಿ, ತಮ್ಮಷ್ಟಕ್ಕೆ ನಕ್ಕರು.

"ಎಂಥದಕ್ಕಾ?" ಅಂದೆ.

"ಇದರಿಂದಲೇ ಬೀರು ಮಾಡ್ತಾರೆ ಕಣೇ. ಅಲ್ಲಿ ಎಷ್ಟು ಕುಡಿದಿದ್ದೀನಿ ಗೊತ್ತಾ?"

ನಾನು ಬಾಯಿ ಮೇಲೆ ಕೈ ಇಟ್ಟುಕೊಂಡೆ. ನಮ್ಮ ಊರಲ್ಲಿ ಗಂಡಸರು ಬಗನಿ ಕಳ್ಳು ಕುಡಿಯುವುದು ಗೊತ್ತಿತ್ತು, ಗದ್ದೆ ಕೆಲಸದ ಹೆಂಗಸರು ಕುಡಿಯುವುದೂ ಗೊತ್ತಿತ್ತು. ಇಂಜಿನಿಯರ ಹೆಂಡತಿ ಕುಡಿಯುವುದು ಗೊತ್ತಿರಲಿಲ್ಲ. ಅಕ್ಕ ದನಿ ತಗ್ಗಿಸಿ ಹೇಳಿದರು. ಅಲ್ಲಿ ಭಾನುವಾರ ಮರಗಳ ಕೆಳಗೆ ಉದ್ದುದ್ದ ಬೆಂಚು ಹಾಕಿರುತ್ತಾರೆ. ಅಜ್ಜಿಯರು, ಎಳೆಮಕ್ಕಳ ತಾಯಂದಿರು ಎಲ್ಲ ಒಟ್ಟಿಗೆ ಕೂರುತ್ತಾರೆ. ಪೀಪಾಯಿಗೆ ನಲ್ಲಿ ಇರುತ್ತದೆ, ತಿರುಗಿಸಿದರೆ ನೊರೆ ಸಮೇತ ಬೀರು. ಮೊದಲ ದಿನ ಅಕ್ಕ ಉಗುಳಿಬಿಟ್ಟರಂತೆ. ಗಂಡನೇ ಬೆನ್ನು ಸವರಿ, "ಕುಡಿ, ಇಲ್ಲಿ ನಮ್ಮನ್ನು ಯಾರು ನೋಡ್ತಾರೆ" ಎಂದರಂತೆ. ಆಮೇಲೆ ಚಳಿಗಾಲದಲ್ಲಿ ಬಾಟಲಿ ತಂದು ಕಿಟಕಿಯ ಹೊರಗೆ ತಣ್ಣಗಾಗಲು ಇಡುತ್ತಿದ್ದದ್ದು, ವಾಪಸು ಬರುವಾಗ ಹಡಗಿನಲ್ಲಿ ತಗಡಿನ ಡಬ್ಬಿಯಲ್ಲಿ ಕೊಟ್ಟದ್ದು...

"ಬೊಂಬಾಯಿ ಕಾಣಿಸಿದಾಗ ಇವರು ಒಂದು ಮಾತು ಹೇಳಿದರು, 'ಇನ್ನು ಅದನ್ನೆಲ್ಲ ಮರೆತುಬಿಡು' ಅಂತ," ಎಂದರು ಅಕ್ಕ. ಬಾರ್ಲಿ ಸೋಸಿ ಒಳಗೆ ಹೋದರು.

ಆ ಬೇಸಿಗೆಯಲ್ಲಿ ಯಂತ್ರ ಜೋಡಿಸಲು ಹೊರದೇಶದ ಫಿಟ್ಟರುಗಳು ಬಂದರು. ಜರ್ಮನ್ ಬಿಟ್ಟು ಬೇರೆ ಮಾತು ಅವರಿಗೆ ಅಷ್ಟಕ್ಕಷ್ಟೆ. ಮೊದಲ ಯಂತ್ರ ಬಂದು ಇಳಿದ ಸಂತೋಷಕ್ಕೆ ಗೆಸ್ಟ್‌ಹೌಸಿನಲ್ಲಿ ಟೀ ಪಾರ್ಟಿ ಇಟ್ಟರು. ನಮ್ಮನ್ನೂ ಕರೆದಿದ್ದರು. ಹೆಂಗಸರಿಗೆ ವರಾಂಡದಲ್ಲಿ ಕುರ್ಚಿ, ಗಂಡಸರಿಗೆ ಹಾಲಿನಲ್ಲಿ. ಪಾನನಿಷೇಧದ ಕಾಲವಾದರೂ ಫಿಟ್ಟರುಗಳಿಗೆ ಪರ್ಮಿಟ್ ಇತ್ತು. ಅವರ ಮೇಜಿನ ಮೇಲೆ ಬಾಟಲಿಗಳೂ ಡಬ್ಬಿಗಳೂ ಇದ್ದವು. ನಮ್ಮ ದೊಡ್ಡ ಸಾಹೇಬರು ಒಂದು ಡಬ್ಬಿ ಎತ್ತಿಕೊಂಡು, ಬೀರು ಇದರಲ್ಲಿ ರುಚಿಯೋ ಬಾಟಲಿಯಲ್ಲಿ ರುಚಿಯೋ ಎಂದು ಮಾತು ತೆಗೆದರು. ಒಬ್ಬರು ಬಾಟಲಿ ಎಂದರು, ಇನ್ನೊಬ್ಬರು ಡಬ್ಬಿ ಎಂದರು. ಎರಡನ್ನೂ ಕುಡಿದು ನೋಡಿದವರ ಹಾಗೆ ಯಾರೂ ಕಾಣಲಿಲ್ಲ. ಸಾಹೇಬರು ಕೊಕ್ಕೆಯಂಥ ಚಾವಿಯಿಂದ ಡಬ್ಬಿಗೆ ಒಂದು ತೂತು ಮಾಡಿ ಲೋಟಕ್ಕೆ ಬಗ್ಗಿಸಿದರು. ತೊಟ್ಟು ತೊಟ್ಟಾಗಿ ಬಿತ್ತು. ಅಲ್ಲಾಡಿಸಿದರು. ಬುಸ್ಸೆಂದು ನೊರೆ ಹಾರಿ ಕೋಟೆಲ್ಲ ಒದ್ದೆ.

ನಾವು ಸೆರಗಿನಲ್ಲಿ ನಗು ಮುಚ್ಚಿಕೊಳ್ಳುತ್ತಿರುವಾಗಲೇ ಅಕ್ಕ ಎದ್ದರು. ಉದ್ದ ಹೆಜ್ಜೆ ಹಾಕಿ ಒಳಗೆ ಹೋಗಿ, "ಕೊಡಿ ಸರ್, ಗಾಳಿಗೊಂದು ತೂತು ಬೇಕು" ಎಂದು ಡಬ್ಬಿ ತೆಗೆದುಕೊಂಡು ಎದುರು ಬದಿಗೆ ಇನ್ನೊಂದು ತೂತು ಹೊಡೆದು, ಲೋಟ ಓರೆ ಹಿಡಿದು ಸರಾಗ ಬಗ್ಗಿಸಿದರು. ಮುದುಕ ಫಿಟ್ಟರ್ ಒಬ್ಬ ಚಪ್ಪಾಳೆ ತಟ್ಟಿ ಅವನ ಭಾಷೆಯಲ್ಲಿ ಏನೋ ಕೇಳಿದ. ಅಕ್ಕ ಅದೇ ಭಾಷೆಯಲ್ಲಿ ಉತ್ತರ ಕೊಟ್ಟರು. ಅವನ ಮುಖ ಅರಳಿದ್ದನ್ನು ನೋಡಬೇಕಿತ್ತು. ಊರಿನವರು ಸಿಕ್ಕಿದ ಹಾಗೆ.

"ಏನು ಹೇಳಿದಿರಮ್ಮಾ?" ಎಂದರು ಸಾಹೇಬರು.

"ಯಾವುದು ರುಚಿ ಅಂತ ಕೇಳಿದರು. ಡಬ್ಬಿಯದಕ್ಕೆ ತಗಡಿನ ವಾಸನೆ, ಬಾಟಲಿಯದು ಪರವಾಗಿಲ್ಲ, ಪೀಪಾಯಿ ನಲ್ಲಿಯದರ ಮುಂದೆ ಎರಡೂ ಇಲ್ಲ ಅಂದೆ."

"ನಿಮಗೆ ಹೇಗೆ ಗೊತ್ತು?"

"ಕುಡಿದಿದ್ದೀನಿ ಸರ್. ಇವರ ಜೊತೆಗೇ." ಅಕ್ಕ ನಗುತ್ತಲೇ ಗಂಡನ ಕಡೆ ನೋಡಿದರು.

ಇಂಜಿನಿಯರು ಕೈಯಲ್ಲಿದ್ದ ಟೀ ಕಪ್ಪನ್ನು ಕೆಳಗಿಟ್ಟರು. "ತಮಾಷೆ ಮಾಡ್ತಾಳೆ ಸರ್," ಎಂದರು. "ನಾನು ಅದನ್ನೆಲ್ಲ ಮುಟ್ಟಿದವನಲ್ಲ."

ಅಕ್ಕ ಸ್ವಲ್ಪ ಹೊತ್ತು ಅವರನ್ನೇ ನೋಡುತ್ತಾ ನಿಂತಿದ್ದರು, ಇನ್ನೂ ಏನೋ ಹೇಳುತ್ತಾರೆ ಎನ್ನುವ ಹಾಗೆ. ಅವರು ಮತ್ತೆ ಕಪ್ಪು ಕೈಗೆತ್ತಿಕೊಂಡರು. ಅಕ್ಕ ಬಂದು ನನ್ನ ಪಕ್ಕ ಕೂತರು. ಆಚೆ ಕುರ್ಚಿಯಲ್ಲಿದ್ದಾಕೆ ಎದ್ದು ದೂರ ಹೋದಳು.

ಮಾರನೆಯ ದಿನದಿಂದ ಅವರು ನಲ್ಲಿಗೆ ಬರಲಿಲ್ಲ. ಆಳು ಬಂದು ನೀರು ಹಿಡಿದ. ಇಂಜಿನಿಯರು ಕೆಲಸಕ್ಕೆ ಹೋಗುವಾಗ ಮುಂದಿನ ಗೇಟಿಗೆ ಬೀಗ ಹಾಕುವುದು ಕಂಡಿತು. ಕಾಲೊನಿ ಹೆಂಗಸರು ಅಕ್ಕನಿಗೆ 'ಬೀರಮ್ಮ' ಎಂದು ಹೆಸರಿಟ್ಟರು. ಅಲ್ಲಿಗೆ ಹೋಗಬೇಡ ಎಂದು ಯಜಮಾನರು ನನಗೂ ಹೇಳಿದರು. ನಾನು ಹೋಗುತ್ತಿದ್ದೆ. ಅವರ ಹಿತ್ತಲ ಬೇಲಿಯ ಹತ್ತಿರ ಅಡುಗೆಮನೆಯ ಕಿಟಕಿ ಇತ್ತು. ಅಕ್ಕ ಸರಳು ಹಿಡಿದು ನಿಲ್ಲುತ್ತಿದ್ದರು.

"ಬೀಗ ಹಾಕಿದ್ದಕ್ಕಲ್ಲ ಕಣೇ ನನಗೆ ಸಂಕಟ," ಎಂದರು ಒಂದು ದಿನ. "ಇಬ್ಬರೂ ಹೋಗಿದ್ದ ಊರಿಗೆ ನಾನೊಬ್ಬಳೇ ಹೋಗಿದ್ದೆ ಅಂತ ಆಗಿಹೋಯ್ತಲ್ಲ."

ನನಗೆ ಆಗ ಆ ಮಾತು ಪೂರ್ತಿ ತಿಳಿಯಲಿಲ್ಲ.

ಆದರೆ ಪಾರ್ಟಿಯಿಂದ ಒಂದು ಒಳ್ಳೆಯದೂ ಆಗುವುದರಲ್ಲಿತ್ತು. ಫಿಟ್ಟರುಗಳ ಮಾತು ಯಾರಿಗೂ ತಿಳಿಯದೆ ಕೆಲಸ ನಿಂತುನಿಂತು ಸಾಗುತ್ತಿತ್ತು. ಟ್ರೈನಿಂಗೆಲ್ಲ ಇಂಗ್ಲಿಷಿನಲ್ಲೇ ನಡೆದಿತ್ತಂತೆ, ಇಂಜಿನಿಯರಿಗೂ ಆ ಭಾಷೆ ಅಷ್ಟಾಗಿ ಬಾರದು. ಆ ಮುದುಕನೇ ಕೇಳಿದನೋ ಏನೋ, ದೊಡ್ಡ ಸಾಹೇಬರು ಅಕ್ಕನ ಮನೆಗೆ ಜವಾನನನ್ನು ಕಳಿಸಿದರು. ದಿನಾ ಸ್ವಲ್ಪ ಹೊತ್ತು ಕಚೇರಿಗೆ ಬಂದು ಅವರ ಮಾತನ್ನು ಕನ್ನಡದಲ್ಲಿ ಬಿಡಿಸಿ ಹೇಳಬಹುದೇ, ಸಂಬಳ ಕೊಡಿಸೋಣ ಎಂದು. ಅತ್ತೆ ಒಳಗಿನಿಂದಲೇ "ಅವಳಿಗೆ ಮೈ ಸರಿಯಿಲ್ಲ" ಎಂದರು. ಜವಾನ ಮತ್ತೊಮ್ಮೆ ಬಂದ. ಅವತ್ತೂ ಅದೇ ಉತ್ತರ. ಕಿಟಕಿಯ ಹತ್ತಿರ ಅಕ್ಕನ ಕಣ್ಣುಗಳು ಹೊಳೆಯುತ್ತಿದ್ದವು. "ಕರೀತಿದ್ದಾರೆ, ಕೇಳಿಸ್ತಾ? ನನ್ನನ್ನೇ ಕರೀತಿದ್ದಾರೆ."

ಅದಾಗಿ ಕೆಲವೇ ದಿನ. ಮಧ್ಯಾಹ್ನ ಸೈರನ್ ಕೂಗಿತು. ನಾನು ಬಾಗಿಲು ಹಾಕಿ ಕಿಟಕಿಯ ಸಂದಿಯಿಂದ ನೋಡುತ್ತಿದ್ದೆ. ರಸ್ತೆಯಲ್ಲಿ ನಾಯಿಯೂ ಇಲ್ಲ. ಎದುರುಮನೆಯ ಹಿತ್ತಲ ಬೇಲಿ ದಾಟಿ ಅಕ್ಕ ರಸ್ತೆಗೆ ಬಂದರು. ನೀಲಿ ಸೀರೆ, ಗರಿಗರಿ ಇಸ್ತ್ರಿ, ಕೈಯಲ್ಲಿ ಚೀಲ. ಉದ್ದ ಹೆಜ್ಜೆ ಹಾಕುತ್ತಾ ಕಚೇರಿಯ ಕಡೆ ನಡೆದರು. ಹಿಂದೆ ತಿರುಗಿ ನೋಡಲಿಲ್ಲ.

ಕೆಂಪು ಬಾವುಟದ ಕಾವಲುಗಾರ ಕಂಡುಬಿಟ್ಟ. ಸೀಟಿ ಊದಿದ, ಕಿರುಚಿದ. ಸಿಡಿತ ನಿಲ್ಲಿಸಲು ಸೈರನ್ ಮತ್ತೆ ಕೂಗಿತು. ಜೀಪು ಬಂದು ಅವರನ್ನು ಹತ್ತಿಸಿಕೊಂಡು ಮನೆ ಮುಂದೆ ಇಳಿಸಿತು. ಅಷ್ಟರಲ್ಲಿ ಎಲ್ಲ ಬಾಗಿಲುಗಳೂ ತೆರೆದಿದ್ದವು. ಸಂಜೆಯ ಹೊತ್ತಿಗೆ ಕಥೆ ಗಟ್ಟಿಯಾಗಿತ್ತು. ಬಂಡೆಗೆ ಸಿಕ್ಕಿ ಸಾಯಲು ಹೊರಟಿದ್ದಳಂತೆ, ತಲೆ ಕೆಟ್ಟಿದೆಯಂತೆ. ಇಂಜಿನಿಯರೂ ಅದನ್ನು ಅಲ್ಲಗಳೆಯಲಿಲ್ಲ.

ಅಕ್ಕನನ್ನು ಕರೆದೊಯ್ಯಲು ಮೈಸೂರಿನಿಂದ ಅವರ ಅಣ್ಣ ಬಂದರು. ಸಾಗರದಿಂದ ಬಾಡಿಗೆ ಕಾರು ಮಾಡಿಸಿದ್ದರು. ಅಣ್ಣ ಒಳಗೆ ಮಾತಾಡುತ್ತಿರುವಾಗ ನಾನು ಓಡಿಹೋಗಿ ಅಕ್ಕ ಕೂತಿದ್ದ ಕಾರಿನ ಪಕ್ಕ ನಿಂತೆ. ಅಕ್ಕ ಗಾಜು ಇಳಿಸಿದರು. ಅತ್ತಿರಲಿಲ್ಲ.

"ಸಾಯೋಕೆ ಹೊರಟವಳು ಸೀರೆ ಇಸ್ತ್ರಿ ಮಾಡಿಕೊಳ್ತಾಳೇನೇ?" ಎಂದರು. "ಆ ಹೊತ್ತಲ್ಲಿ ರಸ್ತೆಯಲ್ಲಿ ತಡೆಯೋರು ಯಾರೂ ಇರಲ್ಲ ಅಂದುಕೊಂಡೆ. ಬಂಡೆ ಒಡೆಯೋದು ಆ ಕಡೆ, ಕಚೇರಿ ಈ ಕಡೆ. ನೋಡಿಕೊಂಡೇ ಹೊರಟಿದ್ದೆ."

"ಹೇಳಿ ಅಕ್ಕಾ, ಅವರಿಗೆಲ್ಲ ಹೇಳಿ" ಅಂದೆ.

"ಹೇಳಿದೆ."

ಅಷ್ಟೇ. ಅಣ್ಣ ಬಂದು ಕೂತರು, ಕಾರು ಹೊರಟಿತು. ಇಂಜಿನಿಯರಿಗೆ ಮುಂದೆ ವರ್ಗವಾಯಿತು. ಅಕ್ಕ ಮತ್ತೆ ಅವರ ಜೊತೆ ಸೇರಿದರೋ, ಅಣ್ಣನ ಮನೆಯಲ್ಲೇ ಉಳಿದರೋ... ಯಾರನ್ನು ಕೇಳಿದರೂ ಗೊತ್ತಿಲ್ಲ ಎಂದರು. ನಾನೂ ಮಕ್ಕಳು ಮರಿಯ ನಡುವೆ ಕೇಳುವುದನ್ನು ಬಿಟ್ಟೆ.

ಹೋದ ತಿಂಗಳು ತೀರ್ಥಹಳ್ಳಿಯ ಒಂದು ಮದುವೆಯಲ್ಲಿ ಕಾಲೊನಿಯ ಹಳಬಳೊಬ್ಬಳು ಸಿಕ್ಕಿದಳು. ಊಟದ ಪಂಕ್ತಿಯಲ್ಲಿ ಹಳೆಯದೆಲ್ಲ ಬಂತು. "ಆ ಬೀರಮ್ಮ ನೆನಪಿದೆಯಾ? ಡೈನಮೈಟಿಗೆ ಸಿಕ್ಕಿ ಸಾಯಕ್ಕೆ ಹೋಗಿದ್ಲಲ್ಲ" ಎಂದು ನಕ್ಕಳು.

"ಸಾಯಕ್ಕಲ್ಲ ಮಾರಾಯ್ತಿ," ಎಂದೆ. "ಅವರು ಕೆಲಸಕ್ಕೆ ಹೋಗ್ತಿದ್ರು."

ಅವಳಿಗೆ ಕೇಳಿಸಿತೋ ಇಲ್ಲವೋ. ಪಾಯಸ ಬಡಿಸುವವನನ್ನು ಕರೆಯುತ್ತಿದ್ದಳು. ಅಕ್ಕ ಈಗ ಇದ್ದರೆ ತೊಂಬತ್ತರ ಹತ್ತಿರ. ಇಲ್ಲದಿದ್ದರೆ, ಹೋದ ಸುದ್ದಿಯೂ ನನ್ನ ತನಕ ಬರಲಿಲ್ಲ. ಅವರು ಹೊರಟಿದ್ದು ಎಲ್ಲಿಗೆ ಎಂದು ತಿಳಿದವರಲ್ಲಿ ಇನ್ನು ಉಳಿದವಳು ನಾನೊಬ್ಬಳೇ ಇರಬೇಕು.