ಟೆಂಪೊ ನಿಲ್ಲದ ಮನೆ

ಈ ಊರಿನ ಹುಡುಗಿಯೊಬ್ಬಳು ಸಭೆಯಲ್ಲಿ ಎದ್ದು ನಿಂತು ಮಾತಾಡೋದು ಆಗದ ಕೆಲಸ ಅಂದವರು ಅಲ್ಲಿನ ಶಾಲೆಯ ಹೆಡ್‌ಮಾಸ್ಟರು. "ಸುಮ್ನೆ ಯಾಕೆ ಗಂಟಲು ನೋಯಿಸ್ಕಂತೀರ ಮೇಡಂ, ಬಿಸ್ಕತ್ತು ಹಂಚಿ ಫೋಟೊ ಹೊಡಕಂಡು ಹೋಗ್ರಿ" ಅಂದರು. ನಾನು ಹಟ ಹಿಡಿದೆ. ಹೊಳಲ್ಕೆರೆ ಕಡೆಯ ನಮ್ಮ ಮನೆತನದಲ್ಲಿ ಡಿಗ್ರಿ ಮುಗಿಸಿದ ಮೊದಲನೆಯವಳು ನಾನು. ಚಿತ್ರದುರ್ಗದ ಹಾಸ್ಟೆಲಿನ ನೀರು ಸಾರು ಉಂಡು, ರಜೆಯಲ್ಲಿ ಈರುಳ್ಳಿ ಕಿತ್ತು ಓದಿದವಳು. ಆಗದ ಕೆಲಸ ಅಂತ ನನಗೂ ಬೇಕಾದಷ್ಟು ಜನ ಹೇಳಿದ್ದರು.

ಮಕ್ಕಳ ಹಕ್ಕುಗಳ ಪರವಾಗಿ ಹಿರಿಯೂರು ತಾಲೂಕಿನ ಹಳ್ಳಿಗಳನ್ನು ಸುತ್ತುವುದು ನನ್ನ ಕೆಲಸ. ವರ್ಷಕ್ಕೊಮ್ಮೆ ಪಂಚಾಯ್ತಿಯಲ್ಲಿ ಮಕ್ಕಳ ಗ್ರಾಮಸಭೆ ನಡೆಯುತ್ತದೆ. ಮಕ್ಕಳು ಕೇಳಬೇಕು, ದೊಡ್ಡವರು ಉತ್ತರ ಕೊಡಬೇಕು. ಅದಕ್ಕೆಂದು ಎಂಟನೇ ಕ್ಲಾಸಿನ ಒಬ್ಬ ಹುಡುಗಿಯನ್ನು ತಯಾರು ಮಾಡಿದೆ. ಯಾರು ಏನು ಕೇಳಿದರೂ ನೇರವಾಗಿ ಹೇಳು ಅಂತ ಕಲಿಸಿದೆ.

ಅವಳು ಮೈಕ್ ಹಿಡಿದು ಹೇಳಿದಳು: "ಕತ್ಲಾಗೇ ಎದ್ದು ಕಾಕಡ ಹೂವು ಬಿಡ್ಸಾಕೆ ಹೋಗ್ತೀವಿ. ಕ್ಲಾಸಲ್ಲಿ ನಿದ್ದೆ ಬರ್ತೈತೆ. ಮಕ್ಕಳನ್ನ ಕೂಲಿಗೆ ಕರೀಬಾರ್ದು."

ವೇದಿಕೆ ಮೇಲಿದ್ದ ಪಂಚಾಯ್ತಿ ಸದಸ್ಯರೊಬ್ಬರು ಮುಂದಕ್ಕೆ ಬಾಗಿದರು. "ಯಾರ ತೋಟದಾಗವ್ವ? ಹೇಳು, ವಿಚಾರಿಸಾಣ."

"ನಿಮ್ದೇ ಅಣ್ಣ."

ಜನ ಬಿದ್ದು ಬಿದ್ದು ನಕ್ಕರು. ಸದಸ್ಯರೂ ನಕ್ಕರು. ನಾನು ಚಪ್ಪಾಳೆ ತಟ್ಟಿದೆ.

ಆಮೇಲೆ ಯಾರೂ ಬೈಯಲಿಲ್ಲ, ಹೆದರಿಸಲಿಲ್ಲ. ಹೂವಿನ ಆಳುಗಳನ್ನು ಕರೆದೊಯ್ಯುವ ಟೆಂಪೊ ಮಾರನೇ ದಿನದಿಂದ ಅವರ ಮನೆ ಮುಂದೆ ನಿಲ್ಲಲಿಲ್ಲ, ಅಷ್ಟೇ. ಅವಳ ತಾಯಿ ಬುತ್ತಿ ಕಟ್ಟಿಕೊಂಡು ಬಾಗಿಲಲ್ಲಿ ನಿಂತಿದ್ದಂತೆಯೇ ಅದು ಮುಂದಿನ ಮನೆಗೆ ಹೋಯಿತು. ಬೇರೆ ತೋಟದವರೂ ಕರೆಯಲಿಲ್ಲ. ಆ ಮನೆಯಲ್ಲಿ ದುಡಿಯುವವಳು ಆ ತಾಯಿ ಒಬ್ಬಳೇ.

ಸದಸ್ಯರ ಮನೆಗೇ ಹೋದೆ. "ಕುಂತ್ಕಳ್ರಿ" ಅಂತ ಕುರ್ಚಿ ಹಾಕಿಸಿ ಟೀ ತರಿಸಿದರು. "ಮಕ್ಕಳನ್ನ ಕರೀಬ್ಯಾಡ್ರಿ ಅಂದೋರು ನೀವೇ ಅಲ್ವ? ಕರೀತಿಲ್ಲ."

"ತಾಯಿ ಏನು ಮಾಡಿದ್ದಾಳೆ?"

"ತಾಯಿ ಬಂದ್ರೆ ಹಿಂದೇನೇ ಮಗಳೂ ಬರ್ತಾಳೆ. ಆಮೇಲೆ ನೀವು ಕೇಸು ಹಾಕ್ತೀರ. ಕಾನೂನು ನಮಗೂ ಗೊತ್ತೈತ್ರಿ. ಟೀ ಆರ್ತೈತೆ, ಕುಡೀರಿ."

ಹಿರಿಯೂರಿಗೆ ಬಂದು ಕಾರ್ಮಿಕ ಇಲಾಖೆಯ ಅಧಿಕಾರಿಯನ್ನು ಕೇಳಿದೆ. ಮಕ್ಕಳನ್ನು ಕೂಲಿಗೆ ಕರೆದರೆ ಹಿಡಿಯಬಹುದು, ದೊಡ್ಡವರನ್ನು ಕರೆಯದಿದ್ದರೆ ಏನಂತ ಬರೆಯಲಿ ಅಂದರು.

ಕೊನೆಗೆ ಆ ತಾಯಿಗೆ ಹೊಸದುರ್ಗದ ಕಡೆ ಒಂದು ದಾಳಿಂಬೆ ತೋಟದಲ್ಲಿ ಕೆಲಸ ಸಿಕ್ಕಿತು. ಇರಲು ಶೆಡ್ಡು ಕೊಡುತ್ತಾರಂತೆ, ತಾಯಿ ಮಗಳು ಇಬ್ಬರೂ ದುಡಿಯಬೇಕಂತೆ. ಹತ್ತಿರದಲ್ಲಿ ಹೈಸ್ಕೂಲಿಲ್ಲ. ಸುದ್ದಿ ತಿಳಿದು ನಾನು ಶಾಲೆಗೆ ಹೋಗುವಷ್ಟರಲ್ಲಿ ಹುಡುಗಿಯ ಅಜ್ಜಿ ಆಫೀಸಿನ ಬಾಗಿಲಲ್ಲಿ ನಿಂತಿದ್ದಳು. ಹುಡುಗಿ ತಾಯಿಯ ಜೊತೆ ಬಸ್‌ಸ್ಟ್ಯಾಂಡಿನಲ್ಲಿ ಗಂಟುಮೂಟೆ ಕಾಯುತ್ತಿದ್ದಳಂತೆ. ಹೆಡ್‌ಮಾಸ್ಟರು ನನ್ನ ಮುಖ ನೋಡದೆ ವರ್ಗಾವಣೆ ಪ್ರಮಾಣಪತ್ರಕ್ಕೆ ಸೀಲು ಒತ್ತಿ ಅಜ್ಜಿಯ ಕೈಗಿಟ್ಟರು.

"ಅವಳು ಹೇಳಿದ್ರಲ್ಲಿ ತಪ್ಪೇನಿಲ್ಲ ಅಜ್ಜಿ" ಅಂದೆ.

ಅಜ್ಜಿ ಪತ್ರ ಮಡಿಸಿ ಸೆರಗಿನಲ್ಲಿ ಕಟ್ಟಿಕೊಂಡಳು.

"ಸುಳ್ಳು ಹೇಳಿದ್ರೆ ಬೈದು ಬಿಟ್ಟುಬಿಡ್ತಿದ್ರವ್ವ. ನಿಜ ಹೇಳ್ಯಾಳೆ ಅಂತ ಎಲ್ರಿಗೂ ಗೊತ್ತೈತೆ. ಅದಕ್ಕೇ ಯಾರೂ ಕರೀತಿಲ್ಲ."