ಅರಮನೆಯಲ್ಲಿ ಗಂಡು ನೋಡಲು ಹೋದೆವು

ಮೂರು ವರ್ಷದ ಹಿಂದಿನ ಮಾತು. ಸಂಕ್ರಾಂತಿ ಕಳೆದ ಮೇಲೆ ಬಂದ ಭಾನುವಾರ. ಅಪ್ಪ, ಅಮ್ಮ, ನಾನು ಮೂವರೂ ಬಾಡಿಗೆ ಕಾರಿನಲ್ಲಿ ಜಡಿಗೇನಹಳ್ಳಿಯಿಂದ ಬೆಂಗಳೂರು ಅರಮನೆಗೆ ಹೊರಟೆವು. ಕೇಳಿದವರಿಗೆಲ್ಲ ಅಮ್ಮ ಅರಮನೆ ನೋಡೋಕೆ ಎಂದೇ ಹೇಳಿದ್ದಳು. ನಿಜವಾಗಿ ನಾವು ಹೊರಟಿದ್ದು ಗಂಡು ನೋಡಲು.

ಅದಕ್ಕೆ ಮುಂಚೆ ನನ್ನನ್ನು ನೋಡಲು ಕೆಲವರು ಮನೆಗೇ ಬಂದು ಹೋಗಿದ್ದರು. ಪ್ರತಿ ಸಲವೂ ರೇಷ್ಮೆ ಸೀರೆ ಉಟ್ಟು, ಕಾಫಿ ತಟ್ಟೆ ಹಿಡಿದು, ತಲೆ ತಗ್ಗಿಸಿ ನಿಲ್ಲುವುದು. ಒಬ್ಬರು ನನ್ನನ್ನು ಬಾಗಿಲವರೆಗೆ ನಡೆಸಿ ನೋಡಿದರು. ಇನ್ನೊಬ್ಬರು ಕೈಗೆ ಪೇಪರ್ ಕೊಟ್ಟು ಜೋರಾಗಿ ಓದಮ್ಮ ಎಂದರು. ಹೊಸಕೋಟೆಯ ಹೈಸ್ಕೂಲೊಂದರಲ್ಲಿ ಗಣಿತ ಹೇಳಿಕೊಡುವ ನಾನು, ಚಿನ್ನದ ದರದ ಸುದ್ದಿಯನ್ನು ಒಂದನೇ ಕ್ಲಾಸಿನ ಮಗುವಿನ ಹಾಗೆ ಓದಿ ಒಪ್ಪಿಸಿದೆ. ಅವರು ಹೋದ ಮೇಲೆ ಅಪ್ಪನಿಗೆ ಹೇಳಿಬಿಟ್ಟೆ, ಇನ್ನು ಮೇಲೆ ನಾನು ಕಾಫಿ ತಟ್ಟೆ ಹಿಡಿಯುವುದಿಲ್ಲ ಎಂದು. ಅಪ್ಪ ಹೂವಿನ ಬೆಳೆಗಾರರು, ಮಾತು ಕಡಿಮೆ. ಆದರೆ ಅಮ್ಮನ ತಮ್ಮ ಗೋವಿಂದ ಮಾವ ಹೊಸ ಸಂಬಂಧ ತಂದಾಗ, ಹುಡುಗಿಯನ್ನು ಹೊರಗೆ ಎಲ್ಲಾದರೂ ನೋಡುವುದಾದರೆ ಬರುತ್ತೇವೆ ಎಂದು ಅಪ್ಪನೇ ಕಟ್ಟುನಿಟ್ಟಾಗಿ ಹೇಳಿದರು.

ಹುಡುಗನ ಊರು ದೊಡ್ಡಬಳ್ಳಾಪುರದ ಹತ್ತಿರದ ಮಧುರೆ. ಅವರಿಗೂ ನಮಗೂ ಬೆಂಗಳೂರು ನಡುವೆ ಸಿಗುತ್ತದೆ. ಆಗ ಅರಮನೆ ಮೈದಾನದಲ್ಲಿ ಒಂದು ಕರಕುಶಲ ಪ್ರದರ್ಶನವೂ ನಡೆಯುತ್ತಿತ್ತು. ಅರಮನೆ ನೋಡಿದ ಹಾಗೂ ಆಯಿತು, ಪ್ರದರ್ಶನ ಸುತ್ತಿದ ಹಾಗೂ ಆಯಿತು, ಹುಡುಗ ಹುಡುಗಿ ನಾಲ್ಕು ಮಾತು ಆಡಿದ ಹಾಗೂ ಆಯಿತು ಎಂದು ಮಾವ ಲೆಕ್ಕ ಹಾಕಿದ್ದರು. ಹುಡುಗ, ಅವನ ತಂದೆ ತಾಯಿ ಗೇಟಿನ ಹತ್ತಿರ ಕಾಯುತ್ತಾರೆ, ತಂದೆ ಬಿಳಿ ಪಂಚೆ, ಬಿಳಿ ಶರ್ಟಿನಲ್ಲಿರುತ್ತಾರೆ ಎಂದಿದ್ದರು. ಹುಡುಗನ ಫೋಟೊ ಎಂದು ಮಾವ ಕಳಿಸಿದ್ದು ಯಾವುದೋ ಮದುವೆಯ ಗುಂಪಿನ ಫೋಟೊ. ಹಿಂದಿನ ಸಾಲಿನಲ್ಲಿ ಉಗುರಿನಷ್ಟು ಮುಖ, ಅದರ ತುಂಬ ಗಡ್ಡ. ಈಗ ಗಡ್ಡ ತೆಗೆಸಿದ್ದಾನೆ ಎಂದು ಫೋನಿನಲ್ಲಿ ತಿಳಿಸಿದ್ದರು.

ನಾವು ಇಳಿದಿದ್ದು ಅರಮನೆಯ ಟಿಕೆಟ್ ಕೌಂಟರಿನ ಮುಂದೆ. ಇಳಿಯುವ ಮೊದಲೇ ಅಮ್ಮ ನನ್ನ ಫೋನ್ ಕಿತ್ತುಕೊಂಡು, ತನ್ನದರ ಜೊತೆ ಅದರ ಸದ್ದನ್ನೂ ಅಡಗಿಸಿ, ಎರಡನ್ನೂ ಬ್ಯಾಗಿನ ತಳಕ್ಕೆ ಹಾಕಿದಳು. ಹುಡುಗಿ ಯಾವಾಗಲೂ ಫೋನ್ ನೋಡುತ್ತಾಳೆ ಎಂದು ಅವರು ಅಂದುಕೊಂಡರೆ ಎಂಬ ಭಯ ಅವಳಿಗೆ. ಅಪ್ಪನ ಫೋನ್ ಚಾರ್ಜಿಗೆಂದು ಕಾರಿನಲ್ಲೇ ಉಳಿಯಿತು.

ಕೌಂಟರಿನ ಪಕ್ಕದಲ್ಲಿ ಬಿಳಿ ಪಂಚೆ, ಬಿಳಿ ಶರ್ಟಿನ ಒಬ್ಬ ಯಜಮಾನರು ನಿಂತಿದ್ದರು. ಪಕ್ಕದಲ್ಲಿ ಅವರ ಹೆಂಡತಿ. ಸ್ವಲ್ಪ ಆಚೆ ಗಡ್ಡವಿಲ್ಲದ ಮಗ. ಅಪ್ಪ ಹತ್ತಿರ ಹೋಗಿ ಕೈ ಮುಗಿದು, "ನಮಗೇ ಕಾಯ್ತಿದ್ರಾ?" ಎಂದರು.

ಆ ಯಜಮಾನರ ಮುಖ ಅರಳಿತು. "ಹೂಂ ಕಣಪ್ಪ, ನಿಮಗೇ ಕಾಯ್ತಿದ್ದೀವಿ. ಬನ್ನಿ ಬನ್ನಿ, ಒಳಗೆ ಹೋಗಾನ."

ಅವರು ಕಾಯುತ್ತಿದ್ದದ್ದೇನೋ ನಿಜ. ಕನ್ನಡದಲ್ಲಿ ವಿವರಿಸಿ ಅರಮನೆ ತೋರಿಸುವ ಗೈಡ್ ಬೇಕೆಂದರೆ ಇನ್ನೊಂದು ಕುಟುಂಬ ಜೊತೆಯಾಗಲಿ ಎಂದು ಅವರಿಗೆ ಯಾರೋ ಹೇಳಿದ್ದರಂತೆ. ಆ ಇನ್ನೊಂದು ಕುಟುಂಬ ಬಂತು ಎಂದು ಅವರು ತಿಳಿದರು. ಬೀಗರಾಗುವವರು ಸಿಕ್ಕರು ಎಂದು ನಾವು ತಿಳಿದೆವು. ಇದೆಲ್ಲ ಆಮೇಲೆ ಗೊತ್ತಾದದ್ದು. ಗಂಡು ನೋಡಲು ಬಂದವರು ಹೆಸರು, ಊರು ಕೇಳಿಕೊಂಡು ಕೂರುವುದಿಲ್ಲವಲ್ಲ, ಎಲ್ಲ ಮೊದಲೇ ಗೊತ್ತಿರುತ್ತದೆ. ಹಾಗಾಗಿ ದಾರಿಯ ಟ್ರಾಫಿಕ್ ಬಗ್ಗೆ, ಬೆಳಗಿನ ಚಳಿಯ ಬಗ್ಗೆ ಮಾತಾಡುತ್ತ ಒಳಗೆ ನಡೆದೆವು. ಮಾವ ಎಲ್ಲಿ ಎಂದು ನಾನು ಕೇಳಿದ್ದಕ್ಕೆ, ಅವನು ಯಾವ ಕೆಲಸಕ್ಕೆ ಹೊತ್ತಿಗೆ ಸರಿಯಾಗಿ ಬಂದಿದ್ದಾನೆ, ಬರುತ್ತಾನೆ ಬಿಡು ಎಂದಳು ಅಮ್ಮ.

ನಮಗೆ ಸಿಕ್ಕ ಗೈಡ್ ನನ್ನ ವಯಸ್ಸಿನ ಹುಡುಗಿ, ಮಾತಿನ ಮಲ್ಲಿ. ಬಾಗಿಲಲ್ಲಿ ಶುರುವಾದ ಅವಳ ಮಾತು ನಿಲ್ಲಲೇ ಇಲ್ಲ. ಕೋಟೆಯಂಥ ಕಲ್ಲಿನ ಗೋಪುರಗಳು, ಕೆತ್ತನೆಯ ಮರದ ಮೆಟ್ಟಿಲು, ಗೋಡೆ ತುಂಬ ರಾಜಮನೆತನದವರ ಚಿತ್ರಗಳು. ಒಂದು ಕಡೆ ಆನೆಯ ಕಾಲಿನಿಂದಲೇ ಮಾಡಿದ ಸ್ಟೂಲುಗಳನ್ನು ಇಟ್ಟಿದ್ದರು. ಅದನ್ನು ಕಂಡು ಆ ತಾಯಿ ನನ್ನ ಕೈ ಹಿಡಿದು, ಪಾಪ ಆ ಆನೆ ಇವರಿಗೆ ಏನು ಮಾಡಿತ್ತು ಪುಟ್ಟಿ ಎಂದು ನೊಂದುಕೊಂಡರು. ಆಮೇಲೆ ನನ್ನ ಕೈ ಬಿಡಲೇ ಇಲ್ಲ. ಅತ್ತೆಯಾಗುವವರು ಹೀಗೆ ಕೈ ಹಿಡಿದುಕೊಂಡು ನಡೆಯುವುದನ್ನು ನಾನು ಕೇಳಿಯೂ ಇರಲಿಲ್ಲ.

ಹುಡುಗನೂ ಹಾಗೆಯೇ. ಅವನು ನನ್ನನ್ನು ಅಳೆಯುವ ಹಾಗೆ ನೋಡಲಿಲ್ಲ, ಅಡುಗೆ ಬರುತ್ತದಾ ಎಂದು ಕೇಳಲಿಲ್ಲ. ನೀಲಿ ಹೆಂಚುಗಳ ಕಟ್ಟೆಯಿದ್ದ ಒಳ ಅಂಗಳದಲ್ಲಿ ಕೂತಾಗ ನನ್ನ ಕೆಲಸದ ಬಗ್ಗೆ ಕೇಳಿದ. ಗಣಿತ ಎಂದ ಕೂಡಲೇ, ತನಗೆ ಬೀಜಗಣಿತ ತಲೆಗೇ ಹತ್ತುತ್ತಿರಲಿಲ್ಲ, ಮೇಷ್ಟ್ರು ತನ್ನನ್ನು ಬೆಂಚಿನ ಮೇಲೆ ನಿಲ್ಲಿಸಿದಾಗ ಕಿಟಕಿಯಾಚೆ ಮಾವಿನ ಮರ ಚೆನ್ನಾಗಿ ಕಾಣುತ್ತಿತ್ತು ಎಂದು ನಗಿಸಿದ. ನಾನೂ ನನ್ನ ಕ್ಲಾಸಿನ ತರಲೆಗಳ ಬಗ್ಗೆ ಹೇಳಿದೆ. ಗಂಡಿನವರ ಮುಂದೆ ಕೂತಿದ್ದೇನೆ ಎಂಬುದೇ ನನಗೆ ಮರೆತುಹೋಗಿತ್ತು.

ಅತ್ತ ಅಪ್ಪನಿಗೆ ಮಾತ್ರ ಏನೋ ಕಸಿವಿಸಿ. ಮನೆಯಲ್ಲಿ ಹಸು ಎಷ್ಟಿವೆ ಎಂದು ಕೇಳಿದರೆ ಆ ಯಜಮಾನರು, ಹಸುವೇ ಇಲ್ಲ, ನಮ್ಮದು ರೇಷ್ಮೆ ನೂಲನ್ನು ಹುರಿ ಮಾಡುವ ಕೆಲಸ ಎಂದರಂತೆ. ಕೊಟ್ಟಿಗೆ ತುಂಬ ಹಸು ಎಂದಿದ್ದನಲ್ಲ ನಿನ್ನ ತಮ್ಮ ಎಂದು ಅಪ್ಪ ಅಮ್ಮನ ಕಿವಿಯಲ್ಲಿ ಗೊಣಗಿದರು. ಹಸು ಹೋದರೆ ಹೋಗಲಿ, ಜನ ಎಷ್ಟು ಒಳ್ಳೆಯವರು ನೋಡಿ ಎಂದು ಅಮ್ಮ ಅವರ ಬಾಯಿ ಮುಚ್ಚಿಸಿದಳು. ಮೆಟ್ಟಿಲು ಹತ್ತುವಾಗ ನನ್ನ ಪಕ್ಕಕ್ಕೆ ಬಂದು ಹುಬ್ಬು ಹಾರಿಸಿದಳು. ನಾನು ಹೂಂ ಎಂದು ತಲೆ ಆಡಿಸಿಬಿಟ್ಟೆ.

ಅಮ್ಮನಿಗೆ ಅಷ್ಟೇ ಸಾಕಾಗಿತ್ತು. ಮೇಲಿನ ದರ್ಬಾರ್ ಹಾಲಿನ ಬಣ್ಣದ ಗಾಜಿನ ಕಿಟಕಿಗಳಿಂದ ಒಳ್ಳೆಯ ಬೆಳಕು ಬೀಳುತ್ತಿತ್ತು. ಹಿಂದೆ ಅರಮನೆಯ ಹೆಂಗಸರು ಪರದೆಯ ಹಿಂದೆ ಕೂತು ದರ್ಬಾರು ನೋಡುತ್ತಿದ್ದರು, ಅವರಿಗೆ ಎಲ್ಲ ಕಾಣುತ್ತಿತ್ತು, ಅವರು ಯಾರಿಗೂ ಕಾಣುತ್ತಿರಲಿಲ್ಲ ಎಂದಳು ಗೈಡ್. ಹೆಣ್ಣು ನೋಡುವ ಶಾಸ್ತ್ರವೂ ಹೀಗೇ ಇದ್ದಿದ್ದರೆ ಎಷ್ಟು ಸುಖ ಎಂದು ನಾನು ಯೋಚಿಸುತ್ತಿದ್ದೆ. ಅಷ್ಟರಲ್ಲಿ ಅಮ್ಮ ಅಪ್ಪನ ತೋಳು ತಿವಿದಳು. ಅಪ್ಪ ಗಂಟಲು ಸರಿ ಮಾಡಿಕೊಂಡು ಮುಂದೆ ಹೋದರು.

"ನಮ್ ಕಡೆಯಿಂದ ಒಪ್ಪಿಗೆ ಐತೆ ಬೀಗರೇ. ಮದುವೆ ಯಾವಾಗ ಇಟ್ಕೊಳಾನ?"

ಯಜಮಾನರು ಕಣ್ಣು ಪಿಳಿಪಿಳಿ ಬಿಟ್ಟರು. "ಯಾರ ಮದುವೆ?"

"ಇನ್ಯಾರ್ದು? ನಿಮ್ ಹುಡುಗಂದು, ನಮ್ ಹುಡುಗೀದು."

ಉತ್ತರ ಕೊಟ್ಟಿದ್ದು ಹುಡುಗ. "ಅಂಕಲ್, ನಂಗೆ ಮದುವೆಯಾಗಿ ಎರಡು ವರ್ಷ ಆಯ್ತು. ಹೆಂಡ್ತಿ ಬಾಣಂತನಕ್ಕೆ ತವರಿಗೆ ಹೋಗವ್ಳೆ."

ಗೈಡ್ ಹುಡುಗಿಯ ಮಾತು ಅವತ್ತು ಮೊದಲ ಸಲ ನಿಂತಿತು. ನನಗಂತೂ ಆ ಪರದೆಯ ಹಿಂದೆ ಓಡಿಹೋಗಿ ಕೂರೋಣ ಅನ್ನಿಸಿತು. ಮಗುವಿನ ತಂದೆಯೊಬ್ಬನಿಗೆ ನಾನು ಮನಸ್ಸಿನಲ್ಲೇ ಒಪ್ಪಿಗೆ ಕೊಟ್ಟಾಗಿತ್ತು. ಎತ್ತ ನೋಡಬೇಕೋ ತಿಳಿಯದೆ ಮೇಲಿನ ಗಾಜನ್ನೇ ನೋಡುತ್ತ ನಿಂತೆ.

ಮೊದಲು ನಕ್ಕಿದ್ದು ನನ್ನ ಕೈ ಹಿಡಿದಿದ್ದ ಆ ತಾಯಿ. ಸೆರಗು ಬಾಯಿಗೆ ಒತ್ತಿಕೊಂಡರೂ ನಗು ತಡೆಯಲಾಗಲಿಲ್ಲ. ಆಮೇಲೆ ಒಬ್ಬೊಬ್ಬರಾಗಿ ಎಲ್ಲ ಬಿಡಿಸಿ ಹೇಳಿಕೊಂಡೆವು. ಯಜಮಾನರ ಹೆಸರು ನಂಜುಂಡಪ್ಪ, ತಾಯಿ ಸರೋಜಮ್ಮ, ದೇವನಹಳ್ಳಿ ತಾಲ್ಲೂಕಿನ ವಿಜಯಪುರದವರು. ಮೊಮ್ಮಗ ಹುಟ್ಟಿದ ಖುಷಿಗೆ ಮಗ ಅಪ್ಪ ಅಮ್ಮನಿಗೆ ಅರಮನೆ ತೋರಿಸಲು ಕರೆದುಕೊಂಡು ಬಂದಿದ್ದ. ಅಪ್ಪ ಮಾತ್ರ ನಗಲಿಲ್ಲ. ಕಂಡವರ ಮುಂದೆ ಮಗಳ ಮರ್ಯಾದೆ ಹೋಯಿತಲ್ಲ ಎಂದು ಅವರ ಮುಖ ಇಳಿದುಹೋಗಿತ್ತು.

ಆಗ ಅಮ್ಮನಿಗೆ ಫೋನಿನ ನೆನಪಾಯಿತು. ತೆಗೆದು ನೋಡಿದರೆ ಉದ್ದಕ್ಕೂ ಮಾವನ ಮಿಸ್ಡ್ ಕಾಲ್‌ಗಳು. ವಾಪಸ್ ಮಾಡಿದ ಕೂಡಲೇ ಮಾವನ ಕೂಗು ನಮಗೆಲ್ಲ ಕೇಳಿಸಿತು. ಗೇಟು ಎಂದರೆ ಮಾವನ ಪ್ರಕಾರ ಅರಮನೆಯ ಗೇಟಲ್ಲ, ಮೈದಾನದ ಆಚೆ ಬದಿಯಲ್ಲಿ ಪ್ರದರ್ಶನಕ್ಕೆ ಹೋಗುವ ಗೇಟು. ಆ ಮೈದಾನಕ್ಕೆ ಒಂದಾ ಎರಡಾ ಗೇಟು. ಮಧುರೆಯವರು ಬಿಸಿಲಿನಲ್ಲಿ ಕಾದು ಕಾದು, ಇದು ಬೇಕೆಂದೇ ಮಾಡಿದ ಅವಮಾನ ಎಂದು ಹೊರಟು ನಿಂತಿದ್ದರು.

ನಡಿ ಮನೆಗೆ ಹೋಗೋಣ, ಯಾವ ಮುಖ ಇಟ್ಟುಕೊಂಡು ಅವರ ಮುಂದೆ ನಿಲ್ಲಲಿ ಎಂದರು ಅಪ್ಪ. ಅವರನ್ನು ತಡೆದದ್ದು ನಂಜುಂಡಪ್ಪನವರು. "ಅದೆಂಗೆ ಆಯ್ತದೆ? ನಿಮಗೇ ಕಾಯ್ತಿದ್ದೀವಿ ಅಂದೋನು ನಾನು. ನಾನೇ ಬಂದು ಹೇಳ್ತೀನಿ, ನಡೀರಿ."

ಅರ್ಧ ನೋಡಿದ ಅರಮನೆಯನ್ನು ಬಿಟ್ಟು ಆ ಮೂವರೂ ನಮ್ಮ ಜೊತೆ ಹೊರಟರು. ಬೇಡವೆಂದರೂ ಕೇಳಲಿಲ್ಲ. ಪ್ರದರ್ಶನದ ಗೇಟಿನಲ್ಲಿ ಮಾವ ಹುಡುಗನ ತಂದೆ ಕೃಷ್ಣಪ್ಪನವರ ಕೈ ಹಿಡಿದು ಬೇಡಿಕೊಳ್ಳುತ್ತಿದ್ದರು. ಅವರದೂ ಬಿಳಿ ಪಂಚೆ, ಬಿಳಿ ಶರ್ಟು. ಮುಖ ಮಾತ್ರ ಕೆಂಪಗಾಗಿತ್ತು. ನಂಜುಂಡಪ್ಪನವರು ನೇರವಾಗಿ ಅವರ ಮುಂದೆ ನಿಂತು ಕೈ ಮುಗಿದರು. ನಿಮಗೆ ಬರಬೇಕಾಗಿದ್ದ ಹೆಣ್ಣನ್ನು ನಾನು ಅರಮನೆಯೊಳಗೆ ಕರೆದುಕೊಂಡು ಹೋಗಿಬಿಟ್ಟೆ, ಬೈಯುವುದಾದರೆ ನನಗೆ ಬೈಯಿರಿ ಎಂದು ಶುರು ಮಾಡಿ, ನಡೆದದ್ದನ್ನೆಲ್ಲ ಒಂದೂ ಬಿಡದೆ ಹೇಳಿದರು. ಬೀಗರೇ ಎಂದದ್ದೂ ಬಿಡಲಿಲ್ಲ, ಬಾಣಂತನದ ಮಾತೂ ಬಿಡಲಿಲ್ಲ.

ಕೃಷ್ಣಪ್ಪನವರು ತುಟಿ ಬಿಗಿದುಕೊಂಡೇ ಇದ್ದರು. ನಕ್ಕದ್ದು ಅವರ ಮಗ ಸುರೇಶ್. ಸ್ವಲ್ಪ ಕಪ್ಪು, ಎತ್ತರದ ಮನುಷ್ಯ. ಹಳ್ಳಿ ಹಳ್ಳಿ ತಿರುಗಿ ಹಸುಗಳಿಗೆ ಚಿಕಿತ್ಸೆ ಕೊಡುವ ಕೆಲಸ ಅವರದು. ನಕ್ಕೂ ನಕ್ಕೂ ಕಣ್ಣು ಒರೆಸಿಕೊಂಡು, ಎಲ್ಲರೂ ನೋಡುತ್ತಿದ್ದಂತೆಯೇ ನಂಜುಂಡಪ್ಪನವರ ಮಗನ ಕಡೆ ತೋರಿಸಿ ನನ್ನನ್ನು ಕೇಳಿದರು:

"ಒಂದ್ ಮಾತು ಕೇಳ್ತೀನಿ, ನಿಜ ಹೇಳ್ಬೇಕು. ಅವರು ನಿಮಗೆ ಒಪ್ಪಿಗೆ ಆಗಿದ್ರಾ?"

ಅಮ್ಮ ಹಿಂದಿನಿಂದ ನನ್ನ ಸೊಂಟ ಚಿವುಟಿದಳು. ಬೇರೆ ದಿನವಾಗಿದ್ದರೆ ನಾನು ತಲೆ ತಗ್ಗಿಸಿ ನೆಲ ನೋಡುತ್ತಿದ್ದೆ. ಆದರೆ ಅಷ್ಟು ಹೊತ್ತಿಗೆ ಹೋಗಬೇಕಾದ ಮರ್ಯಾದೆಯೆಲ್ಲ ಹೋಗಿಯಾಗಿತ್ತು. ಇನ್ನು ಕಾಪಾಡಿಕೊಳ್ಳಲು ಏನೂ ಉಳಿದಿರಲಿಲ್ಲ.

"ಆಗಿದ್ರು," ಎಂದೆ.

ಗೋವಿಂದ ಮಾವ ಹಣೆ ಒತ್ತಿಕೊಂಡರು. "ಹಂಗಾದ್ರೆ ನಾನು ಸ್ವಲ್ಪ ಕಷ್ಟಪಡ್ಬೇಕು," ಎಂದರು ಸುರೇಶ್. ಕೃಷ್ಣಪ್ಪನವರ ಬಿಗಿದ ತುಟಿ ಆಗ ಸಡಿಲವಾಯಿತು. ಬಂದಿದ್ದೇವಲ್ಲ, ಪ್ರದರ್ಶನವನ್ನಾದರೂ ನೋಡೋಣ ಎಂದು ಅವರೇ ಮುಂದೆ ನಡೆದರು.

ಮೂರು ಮನೆಯವರೂ ಒಂದೇ ಗುಂಪಾಗಿ ಮಳಿಗೆಗಳನ್ನು ಸುತ್ತಿದೆವು. ಒಂದು ಕಡೆ ಕುಂಬಾರರ ತಿಗರಿ ಇಟ್ಟು, ಮನೆ ಮಂದಿಯೆಲ್ಲ ಕೂತು ಮಡಕೆ ಮಾಡಿ ನೋಡಿ ಎಂದು ಕರೆಯುತ್ತಿದ್ದರು. ಸರೋಜಮ್ಮ ನಮ್ಮಿಬ್ಬರನ್ನೂ ಹಿಡಿದು ಕೂರಿಸಿದರು. ಸುರೇಶ್ ಕೈಗೆ ಮಣ್ಣು ಬಂದದ್ದೇ ತಡ, ತಿಗರಿ ಗರ್ರನೆ ತಿರುಗಿ ಮಡಕೆ ವಾಲಿ, ಅರ್ಧ ಮಣ್ಣು ಅವರ ಇಸ್ತ್ರಿ ಶರ್ಟಿನ ಮೇಲೆ ಬಿತ್ತು. ಹೆಣ್ಣು ನೋಡಲು ಬಂದ ಗಂಡು ಎದೆ ತುಂಬ ಕೆಸರು ಮಾಡಿಕೊಂಡು, ಹಸು ಆಗಿದ್ದರೆ ಹಿಡಿತಕ್ಕೆ ಸಿಗುತ್ತಿತ್ತು, ಇದು ಸಿಗುವುದಿಲ್ಲ ಎಂದು ಕುಂಬಾರರಿಗೆ ದೂರು ಹೇಳುತ್ತಿದ್ದರು. ನನ್ನ ಮಡಕೆಯೂ ನೆಟ್ಟಗೆ ನಿಲ್ಲಲಿಲ್ಲ. ಅವತ್ತು ನಾನು ನಕ್ಕಷ್ಟು ಹಿಂದೆ ಯಾವ ಗಂಡಿನವರ ಮುಂದೆಯೂ ನಕ್ಕಿರಲಿಲ್ಲ. ಅಪ್ಪನ ಮುಖ ಮತ್ತೆ ಅರಳಿದ್ದೂ ಅಲ್ಲಿಯೇ.

ಅದೇ ವರ್ಷ ವೈಶಾಖದಲ್ಲಿ ನಮ್ಮ ಮದುವೆಯಾಯಿತು. ನಂಜುಂಡಪ್ಪನವರು ಹೆಣ್ಣಿನ ಕಡೆಯವರಾಗಿ ಮುಂದೆ ನಿಂತು ಊಟದ ಪಂಕ್ತಿ ನೋಡಿಕೊಂಡರು. ಅವರ ಸೊಸೆ ಮಗುವನ್ನು ಎತ್ತಿಕೊಂಡು ಬಂದು, ನಮ್ಮ ಯಜಮಾನರನ್ನು ಒಪ್ಪಿದ ಹುಡುಗಿ ನೀವೇನಾ ಎಂದು ಕೇಳಿ ನನ್ನನ್ನು ಮಂಟಪದಲ್ಲೇ ನಗಿಸಿದಳು. ಈಗಲೂ ಹಬ್ಬಕ್ಕೆ ನಾವು ವಿಜಯಪುರಕ್ಕೆ ಹೋಗುತ್ತೇವೆ, ಅವರು ಮಧುರೆಗೆ ಬರುತ್ತಾರೆ. ಯಾರೋ ಏನೋ ಎಂದು ಅಲ್ಲೇ ಬಿಟ್ಟು ಹೋಗಬಹುದಾಗಿದ್ದ ಜನ, ತಮ್ಮ ಸಂತೋಷದ ದಿನವನ್ನು ಅರ್ಧಕ್ಕೆ ನಿಲ್ಲಿಸಿ ನಮಗಾಗಿ ಕೈ ಮುಗಿದು ನಿಂತರು.

ಮದುವೆಯಾದ ಹೊಸತರಲ್ಲಿ ಒಮ್ಮೆ ಗಂಡನನ್ನು ಕೇಳಿದ್ದೆ, ಅವತ್ತು ನಾನು, ಅವರು ಒಪ್ಪಿಗೆ ಆಗಿರಲಿಲ್ಲ ಎಂದಿದ್ದರೆ ಏನು ಮಾಡುತ್ತಿದ್ದಿರಿ ಎಂದು. ಹಸುವಿನ ಗಾಯಕ್ಕೆ ಹಚ್ಚುವ ಮುಲಾಮು ಬೆರೆಸುತ್ತಿದ್ದವರು ತಲೆ ಎತ್ತದೆ ಹೇಳಿದರು, "ಸುಳ್ಳು ಹೇಳ್ತಾಳೆ ಅಂದ್ಕೊಂಡು ಮನೆಗೆ ಹೋಗ್ತಿದ್ದೆ."

ಎಷ್ಟೋ ಜನರ ಮುಂದೆ ತಲೆ ತಗ್ಗಿಸಿ ನಿಂತಾಗ ಸಿಗದ ಮನೆ, ತಲೆಯೆತ್ತಿ ನಿಜ ಹೇಳಿದ ದಿನ ಸಿಕ್ಕಿತು. ಈಗ ನಮ್ಮ ಶಾಲೆಯಲ್ಲಿ ಯಾವ ಹುಡುಗಿಯಾದರೂ ನೆಲ ನೋಡುತ್ತ ಉತ್ತರ ಹೇಳಿದರೆ, ಮುಖ ಎತ್ತಿ ಹೇಳು ಪುಟ್ಟಿ, ತಪ್ಪಾದರೂ ಪರವಾಗಿಲ್ಲ ಎನ್ನುತ್ತೇನೆ.