ಸಮುದ್ರಕ್ಕೆ ಹೊಡೆಸಿದ ಹುಜೂರರು

ಯಡ್ರಾಮಿಯ ವ್ಯಂಕಟೇಶ ಮಾಸ್ತರರಿಗೆ ಎರಡೇ ಹುಚ್ಚು: ಒಂದು ನಶ್ಯ, ಇನ್ನೊಂದು ಗ್ರೀಕರು ಬರೆದಿಟ್ಟ ರಾಜರ ಕಥೆ. ನಿಜಾಮರ ಆಳ್ವಿಕೆಯ ಕಾಲ. ಹಗಲೆಲ್ಲ ಶಾಲೆಯಲ್ಲಿ ಉರ್ದು ಪಾಠ ಹೇಳಿ, ಸಂಜೆ ಗೆಳೆಯ ಚಂದ್ರಾಮಪ್ಪನ ಕಟ್ಟೆಯ ಮೇಲೆ ಕನ್ನಡದಲ್ಲಿ ಕಥೆ ಬಿಚ್ಚುತ್ತಿದ್ದರು. ಚಂದ್ರಾಮಪ್ಪ ಊರಿನ ಮಾಲಿಪಾಟೀಲ, ಕಂದಾಯ ವಸೂಲಿಯ ಗೌಡ. ಇಬ್ಬರೂ ಒಂದೇ ಹಳ್ಳದಲ್ಲಿ ಈಸು ಕಲಿತವರು.

"ಗ್ರೀಕರು ರಾಜನ್ನ ಬೈಯೋದಿಲ್ಲ, ಹೊಗಳೋದೂ ಇಲ್ಲ. ಮಾಡಿದ್ದು ಬರೀತಾರ, ಸುಮ್ಮನಾಗ್ತಾರ. ನಗೋದು, ಅಳೋದು ನಮಗ ಬಿಟ್ಟದ್ದು," ಎನ್ನುತ್ತಿದ್ದರು ಮಾಸ್ತರರು.

ಒಂದು ಸಂಜೆ ಇರಾನದ ಅರಸನ ಸರದಿ ಬಂತು. ಸಮುದ್ರದ ಮೇಲೆ ಅವನು ಕಟ್ಟಿಸಿದ ಸೇತುವೆಯನ್ನು ಬಿರುಗಾಳಿ ಮುರಿದಿತ್ತು.

"ಅರಸ ಅಂದ್ರ ನಮ್ಮ ಮಂದಿಗೆ ಪುರಾಣ ಅನಸ್ತದ. ಹುಜೂರ ಅನ್ನೋ, ತಿಳೀತದ," ಎಂದ ಚಂದ್ರಾಮಪ್ಪ.

ಆ ಸೀಮೆಯಲ್ಲಿ ಹುಜೂರರೆಂದರೆ ಒಬ್ಬರೇ, ಹೈದರಾಬಾದಿನವರು. ಹಾಲು ಕುಡಿಯುವ ಕೂಸಿಗೂ ಅದು ಗೊತ್ತು. ಕಥೆಯ ಗುಂಗಿನಲ್ಲಿದ್ದ ಮಾಸ್ತರರು ಮಾತ್ರ ಅದನ್ನು ಮರೆತು, ಇರಾನದ ಅರಸನನ್ನೇ ಹುಜೂರರೆಂದು ಕರೆದರು. ಹುಜೂರರು ಸಿಟ್ಟಿಗೆದ್ದು ಸಮುದ್ರಕ್ಕೇ ಬಾರುಕೋಲಿನಿಂದ ಹೊಡೆಸಿದರು ಎಂದಾಗ ಕಟ್ಟೆಯೆಲ್ಲ ನಕ್ಕಿತು. ಅದೇ ಹುಜೂರರು ತಮ್ಮ ದಂಡು ನೋಡಿ, ನೂರು ವರ್ಷಕ್ಕೆ ಇವರಲ್ಲೊಬ್ಬನೂ ಉಳಿಯುವುದಿಲ್ಲವಲ್ಲ ಎಂದು ಅತ್ತರು ಎಂದಾಗ ನಗುತ್ತಿದ್ದವರ ಮುಖ ಬಾಡಿತು. ಚಂದ್ರಾಮಪ್ಪನಂತೂ ಧೋತರದ ಚುಂಗಿನಿಂದ ಕಣ್ಣೊರೆಸಿಕೊಂಡ.

ತಿಂಗಳು ತುಂಬುವುದರೊಳಗೆ ಜೇವರ್ಗಿಯ ತಾಲೂಕು ಕಚೇರಿಯಿಂದ ಕರೆ ಬಂತು. ಹುಜೂರರನ್ನು ಗೇಲಿ ಮಾಡಿದ ಆರೋಪ. ನೌಕರಿಯೇ ಹೋಗುವ ಮಾತು. ಹೆಂಡತಿ ಉಮಾಬಾಯಿ ಕಣ್ಣೀರಿಟ್ಟರು. "ಚಂದ್ರಾಮ ಸಾಕ್ಷಿಗೆ ಬರಾಕತ್ತಾನ, ಹೆದರಬ್ಯಾಡ," ಎಂದು ಮಾಸ್ತರರು ಗೆಳೆಯನ ಬಂಡಿಯಲ್ಲೇ ಹೊರಟರು. ದಾರಿಯುದ್ದಕ್ಕೂ ಅವನೇ ನಶ್ಯದ ಡಬ್ಬಿ ಚಾಚಿದ.

ಕಚೇರಿಯಲ್ಲಿ ಸಾಹೇಬರು, ಮಾಸ್ತರರು ಏನಂದರೆಂದು ಕೇಳಿದರು. ಚಂದ್ರಾಮಪ್ಪ ಕೈಮುಗಿದು ಹೇಳಿದ: "ಹೌದ್ರಿ, ಹುಜೂರ ಅಂತನ ಅಂದ್ರು. ಸಮುದ್ರಕ್ಕ ಹೊಡೆಸಿದ್ರು ಅಂದ್ರು. ಮಂದಿ ನಕ್ಕಾರ್ರಿ."

"ಮುಂದ?"

"ಅಷ್ಟೇರಿ."

ನಂಬಿದವನ ಕುತ್ತಿಗೆ ಕೊಯ್ಯಲು ಕತ್ತಿಯೇ ಬೇಕೆಂದಿಲ್ಲ, ಅರ್ಧ ಮಾತು ಸಾಕು. ನೌಕರಿ ಅಲ್ಲೇ ಹೋಯಿತು. ಆ ಜಾಗಕ್ಕೆ ಚಂದ್ರಾಮಪ್ಪನ ಅಳಿಯ ಬರುವುದು ಮೊದಲೇ ನಿಶ್ಚಯವಾಗಿತ್ತೆಂದು ಹೊರಗೆ ನಿಂತ ಜವಾನನೇ ಹೇಳಿದ.

ಬಂಡಿಯ ಹತ್ತಿರ ಮಾಸ್ತರರು ಕೇಳಿದ್ದು ಇಷ್ಟೇ: "ಹುಜೂರ ಅನ್ನು ಅಂದವ ನೀನ. ಅದು ಹೋಗಲಿ. ಹುಜೂರ ಅತ್ತದ್ದು ಯಾಕ ಹೇಳಲಿಲ್ಲೋ, ಚಂದ್ರಾಮ? ನೀನೂ ಅತ್ತಿದ್ದೆಲ್ಲೋ?"

ಚಂದ್ರಾಮಪ್ಪ ಎತ್ತಿನ ಹಗ್ಗ ಸರಿಮಾಡುತ್ತ, "ಹತ್ತು, ಹೊತ್ತಾಗ್ತದ," ಎಂದ.

ಮಾಸ್ತರರು ಹತ್ತಲಿಲ್ಲ. ಯಡ್ರಾಮಿಯ ದಾರಿ ಹಿಡಿದು ನಡೆದೇ ಹೊರಟರು.